ಹದಿನೇಳು ಶೇಂಗಾಕಾಳು ಮತ್ತು ನನ್ನ ಒಂದು ಮತ

2024ರ ಜೂನ್ 9, ಭಾನುವಾರ. ಸ್ಟುಟ್‌ಗಾರ್ಟ್ ನಗರದ ನಮ್ಮ ಬಡಾವಣೆಯ ಪ್ರಾಥಮಿಕ ಶಾಲೆಯಲ್ಲಿ ಮತ ಚಲಾಯಿಸಿ ಬಂದು, ಚಹಾಕ್ಕೆ ನೀರಿಟ್ಟು, ಗದಗಿಗೆ ಫೋನ್ ಮಾಡಿದೆ. ಜರ್ಮನ್ ಪೌರತ್ವ ಪಡೆದ ಮೇಲೆ ನಾನು ಚಲಾಯಿಸಿದ ಮೊದಲ ಮತ ಅದು. ಯುರೋಪಿಯನ್ ಸಂಸತ್ತಿಗೆ ಒಂದು ಮತ, ನಗರಸಭೆಗೆ ಅರವತ್ತು. ಅರವತ್ತು ಎಂಬುದು ಅಚ್ಚಿನ ದೋಷವಲ್ಲ. ಇಲ್ಲಿನ ನಗರಸಭೆಯಲ್ಲಿ ಅರವತ್ತು ಸ್ಥಾನಗಳಿವೆ. ಪ್ರತಿಯೊಬ್ಬ ಮತದಾರನಿಗೂ ಅರವತ್ತು ಮತಗಳಿವೆ. ಮೆಚ್ಚಿದ ಅಭ್ಯರ್ಥಿಗೆ ಮೂರರವರೆಗೂ ಕೊಡಬಹುದು. ಯುರೋಪಿಯನ್ ಸಂಸತ್ತಿನ ಮತಪತ್ರವಂತೂ ಮೂವತ್ತಕ್ಕೂ ಹೆಚ್ಚು ಪಕ್ಷಗಳ ಹೆಸರು ಹೊತ್ತು ಮೇಜಿನಿಂದ ಕೆಳಗೆ ಜೋತುಬೀಳುವಷ್ಟು ಉದ್ದವಾಗಿತ್ತು.

ಇದನ್ನೆಲ್ಲ ಉತ್ಸಾಹದಿಂದ ವರ್ಣಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: ‘ಅದೆಲ್ಲಾ ಇರ್ಲಿ ತಂಗಿ, ನಿನ್ನ ಓಟಿಗೆ ಅಲ್ಲೆ ಕಿಮ್ಮತ್ತು ಎಷ್ಟೈತಿ?’

ಅಪ್ಪನ ಪ್ರಶ್ನೆಗೆ ಒಂದು ಹಿನ್ನೆಲೆಯಿದೆ. ಅವರು ಮೂರು ದಶಕ ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವರು. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದ ಹೆಸರು ಹೇಳುವಾಗ ಇಂದಿಗೂ ಅವರ ದನಿ ತುಸು ಏರುತ್ತದೆ. ಸಹಕಾರ ಸಂಘದ ಮೊದಲ ನಿಯಮ, ಒಬ್ಬ ಸದಸ್ಯನಿಗೆ ಒಂದೇ ಮತ. ನೂರು ಷೇರು ಇದ್ದವನಿಗೂ ಒಂದು, ಒಂದು ಷೇರು ಇದ್ದವನಿಗೂ ಒಂದು. ಕಂಪನಿಯಲ್ಲಿ ಹಾಗಲ್ಲ, ಅಲ್ಲಿ ಷೇರಿಗೊಂದು ಮತ. ಜಗತ್ತಿನ ಎಲ್ಲ ಸಭೆಗಳನ್ನೂ ಅಪ್ಪ ಈ ಎರಡು ಗೂಟಗಳ ನಡುವೆ ಕಟ್ಟಿ ನೋಡುತ್ತಾರೆ.

ಕಿಮ್ಮತ್ತಿನ ಪ್ರಶ್ನೆ ನನ್ನನ್ನು ಇರಿಯಲು ಇನ್ನೊಂದು ಕಾರಣವಿತ್ತು. ಭಾರತವು ಇಮ್ಮಡಿ ಪೌರತ್ವವನ್ನು ಒಪ್ಪುವುದಿಲ್ಲ. ಜರ್ಮನ್ ಪಾಸ್‌ಪೋರ್ಟ್ ಕೈಗೆ ಬಂದಾಗ ನೀಲಿ ಪಾಸ್‌ಪೋರ್ಟನ್ನು ಒಪ್ಪಿಸಿದೆ. ಸಾಗರೋತ್ತರ ಭಾರತೀಯಳೆಂಬ ಕಾರ್ಡಿನಿಂದ ಊರಿಗೆ ಹೋಗಿಬರಬಹುದು, ಮತ ಹಾಕಲಾಗದು. ಹದಿನೆಂಟರಿಂದ ನನ್ನದಾಗಿದ್ದ ಹಕ್ಕನ್ನು ಕೊಟ್ಟು ಪಡೆದುಕೊಂಡದ್ದು ಎಷ್ಟು ತೂಗುತ್ತದೆ ಎಂಬುದು ನನಗೂ ಬೇಕಾದ ಲೆಕ್ಕವಾಗಿತ್ತು.

ಮೊದಲು ಸಿಕ್ಕ ಉತ್ತರ ನಿರಾಶೆಯದೇ. ಯುರೋಪಿಯನ್ ಸಂಸತ್ತಿನಲ್ಲಿ ಈಗ 720 ಸ್ಥಾನಗಳು. ಎಂಟು ಕೋಟಿಗೂ ಮಿಕ್ಕಿ ಜನರಿರುವ ಜರ್ಮನಿಗೆ 96, ಐದೂವರೆ ಲಕ್ಷದ ಆಸುಪಾಸಿನ ಮಾಲ್ಟಾಕ್ಕೆ 6. ನಮ್ಮಲ್ಲಿ ಸುಮಾರು ಎಂಟೂವರೆ ಲಕ್ಷ ಜನರಿಗೆ ಒಬ್ಬ ಸಂಸದನಾದರೆ ಮಾಲ್ಟಾದಲ್ಲಿ ತೊಂಬತ್ತು ಸಾವಿರದಷ್ಟು ಜನರಿಗೇ ಒಬ್ಬ. ಮತದ ತೂಕದಲ್ಲಿ ಮಾಲ್ಟಾದ ಒಬ್ಬ ಮೀನುಗಾರ ನಮ್ಮಂಥ ಒಂಬತ್ತು ಮಂದಿಗೆ ಸಮ. ಇದು ಯಾರ ಕಣ್ತಪ್ಪಿನಿಂದಲೂ ಆದದ್ದಲ್ಲ. ಯಾವ ದೇಶಕ್ಕೂ ಆರಕ್ಕಿಂತ ಕಡಿಮೆ ಬೇಡ, ತೊಂಬತ್ತಾರಕ್ಕಿಂತ ಹೆಚ್ಚು ಬೇಡ, ದೇಶ ದೊಡ್ಡದಾದಂತೆ ತಲೆವಾರು ಪಾಲು ಕುಗ್ಗಲಿ ಎಂದು ಒಪ್ಪಂದದಲ್ಲಿಯೇ ಬರೆದಿದ್ದಾರೆ. ಜರ್ಮನಿಯ ಸಂವಿಧಾನ ನ್ಯಾಯಾಲಯವು 2009ರ ಜೂನ್ 30ರ ತೀರ್ಪಿನಲ್ಲಿ ಈ ಅಸಮಾನತೆಯನ್ನು ಎತ್ತಿ ತೋರಿಸಿತ್ತು.

‘ಹಂಗಾದ್ರ ಸಣ್ಣವರಿಗೆ ಅನ್ಯಾಯ ಆಗಬಾರ್ದು ಅಂತ ದೊಡ್ಡವರು ಬಿಟ್ಟುಕೊಟ್ಟಾರ’ ಎಂದರು ಅಪ್ಪ. ಅವರ ಮನಸ್ಸಿನಲ್ಲಿ ಓಡುತ್ತಿದ್ದುದು ಮಾಲ್ಟಾ ಅಲ್ಲ, ಲೋಕಸಭೆಯ ಕ್ಷೇತ್ರ ಮರುವಿಂಗಡಣೆ. ರಾಜ್ಯಗಳ ನಡುವಿನ ಸ್ಥಾನ ಹಂಚಿಕೆಯನ್ನು 1976ರ ತಿದ್ದುಪಡಿಯು 1971ರ ಜನಗಣತಿಯ ಮೇಲೆ ನಿಲ್ಲಿಸಿತು. ಮುಂದಿನ ತಿದ್ದುಪಡಿಯೊಂದು ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಬೆಳೆಸಿತು. ಕರ್ನಾಟಕಕ್ಕೆ 28, ಉತ್ತರ ಪ್ರದೇಶಕ್ಕೆ 80 ಎಂಬ ಲೆಕ್ಕ ಆ ತಡೆಯ ಆಸರೆಯಲ್ಲಿ ನಿಂತಿದೆ. ಜನಸಂಖ್ಯೆ ಹತೋಟಿಯಲ್ಲಿಟ್ಟ ರಾಜ್ಯಗಳ ಆತಂಕ ಗೊತ್ತಿರುವುದೇ. ಆದರೆ ಯುರೋಪಿನ ಸೂತ್ರವನ್ನು ಹಾಗೆಯೇ ಎತ್ತಿ ಭಾರತಕ್ಕೆ ನೆಡಬಹುದೆಂದು ನಾನು ನಂಬುವುದಿಲ್ಲ. ಇಲ್ಲಿರುವವು ಸಾರ್ವಭೌಮ ದೇಶಗಳು, ಬೇಡವೆಂದರೆ ಬ್ರಿಟನ್ನಿನಂತೆ ಎದ್ದು ಹೋಗಬಲ್ಲವು. ಆ ಬಾಗಿಲು ತೆರೆದಿರುವುದರಿಂದಲೇ ದೊಡ್ಡವರ ಔದಾರ್ಯವೂ ಹುಟ್ಟಿದ್ದು.

ಅಪ್ಪ ಅದೇ ಆಗಸ್ಟ್‌ನಲ್ಲಿ ಸಂದರ್ಶಕ ವೀಸಾದ ಮೇಲೆ ಬಂದರು. ಒಂದು ಶನಿವಾರ ಅವರನ್ನು ಲಕ್ಸೆಂಬರ್ಗ್‌ಗೆ ಕರೆದೊಯ್ದೆವು. ಮೊಸೆಲ್ ನದಿಯ ದಡದ ಷೆಂಗೆನ್ ಎಂಬ ಹಳ್ಳಿಯನ್ನು ಕಂಡು, ತಮ್ಮ ವೀಸಾದ ಮೇಲಿದ್ದ ಹೆಸರು ಒಂದು ದ್ರಾಕ್ಷಿ ಬೆಳೆಯುವ ಊರಿನದೆಂದು ಅವರು ಬೆರಗಾದರು. ರಾಜಧಾನಿಯಲ್ಲಿ ಟ್ರಾಮಿಗೆ ಟಿಕೆಟ್ ಇಲ್ಲ. 2020ರಿಂದ ಆ ದೇಶದಲ್ಲಿ ಸಾರ್ವಜನಿಕ ಸಾರಿಗೆ ಎಲ್ಲರಿಗೂ ಉಚಿತ. ಟ್ರಾಮು ಹತ್ತಿ ಕಿರ್ಖ್‌ಬರ್ಗ್ ಗುಡ್ಡಕ್ಕೆ ಹೋದೆವು. ಒಕ್ಕೂಟದ ನ್ಯಾಯಾಲಯ ಅಲ್ಲಿದೆ. ಏಪ್ರಿಲ್, ಜೂನ್, ಅಕ್ಟೋಬರ್ ತಿಂಗಳುಗಳಲ್ಲಿ ಸದಸ್ಯ ದೇಶಗಳ ಸಚಿವರ ಪರಿಷತ್ತು ಸೇರುವುದೂ ಅಲ್ಲಿಯೇ. ಕಾಯ್ದೆಯೊಂದು ಹುಟ್ಟಬೇಕಾದರೆ ಸಾಮಾನ್ಯವಾಗಿ ಸಂಸತ್ತಿನ ಜೊತೆಗೆ ಈ ಪರಿಷತ್ತೂ ಒಪ್ಪಬೇಕು. ಅಲ್ಲಿ ಕುಳಿತುಕೊಳ್ಳುವುದು ಜನ ಆರಿಸಿದ ಸಂಸದರಲ್ಲ, ಸರ್ಕಾರಗಳು.

ಮರದ ನೆರಳಿನ ಬೆಂಚಿನಲ್ಲಿ ಕುಳಿತು ಅಮ್ಮ ಕಟ್ಟಿ ಕಳಿಸಿದ್ದ ಹುರಿದ ಶೇಂಗಾ ಬಿಚ್ಚಿದೆವು. ನಾನು ಅಪ್ಪನಿಗೊಂದು ಒಗಟು ಹೇಳಿದೆ. 1958ರಲ್ಲಿ ಆರು ದೇಶಗಳು ಸೇರಿ ಈ ವ್ಯವಸ್ಥೆ ಆರಂಭಿಸಿದಾಗ ಪರಿಷತ್ತಿನಲ್ಲಿ ಒಟ್ಟು 17 ಮತಗಳಿದ್ದವು. ಪಶ್ಚಿಮ ಜರ್ಮನಿ, ಫ್ರಾನ್ಸ್, ಇಟಲಿಗೆ ತಲಾ ನಾಲ್ಕು, ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ಗೆ ತಲಾ ಎರಡು, ಪುಟ್ಟ ಲಕ್ಸೆಂಬರ್ಗ್‌ಗೆ ಒಂದು. ಆಯೋಗ ತಂದ ಪ್ರಸ್ತಾವ ಗೆಲ್ಲಲು 12 ಮತ ಬೇಕು. ಹಾಗಾದರೆ ಲಕ್ಸೆಂಬರ್ಗ್‌ನ ಕಿಮ್ಮತ್ತು ಎಷ್ಟು?

ಅಪ್ಪ ಹದಿನೇಳು ಕಾಳು ಎಣಿಸಿ ಬೆಂಚಿನ ಮೇಲೆ ಗುಂಪು ಮಾಡಿದರು. ‘ಮೂರು ಲಕ್ಷ ಜನಕ್ಕ ಒಂದು, ಐದು ಕೋಟಿ ಜನಕ್ಕ ನಾಕು. ಭಾರೀ ಕಿಮ್ಮತ್ತು ಆತಲ್ಲ!’ ಎಂದು ಮೊದಲು ನಕ್ಕರು. ಆಮೇಲೆ ಕಾಳುಗಳನ್ನು ಸರಿಸತೊಡಗಿದರು. ಮೂರು ದೊಡ್ಡವರು ಸೇರಿದರೆ ಹನ್ನೆರಡು, ಆಯಿತು, ಲಕ್ಸೆಂಬರ್ಗ್ ಬೇಡ. ಇಬ್ಬರು ದೊಡ್ಡವರು, ಇಬ್ಬರು ನಡುವಿನವರು, ಮತ್ತೆ ಹನ್ನೆರಡು, ಬೇಡ. ಇಬ್ಬರು ದೊಡ್ಡವರು, ಒಬ್ಬ ನಡುವಿನವ, ಹತ್ತು. ಲಕ್ಸೆಂಬರ್ಗ್ ಸೇರಿದರೂ ಹನ್ನೊಂದೇ, ಸಾಲದು. ಎಷ್ಟು ಸರಿಸಿದರೂ ಒಂಟಿ ಕಾಳು ಕೆಲಸಕ್ಕೆ ಬರಲಿಲ್ಲ. ಅದು ಕೆಲಸಕ್ಕೆ ಬರಬೇಕಾದರೆ ಉಳಿದವರ ಮೊತ್ತ ಸರಿಯಾಗಿ ಹನ್ನೊಂದಾಗಬೇಕು. ನಾಲ್ಕು ಮತ್ತು ಎರಡುಗಳನ್ನು ಹೇಗೆ ಕೂಡಿಸಿದರೂ ಬೆಸಸಂಖ್ಯೆ ಹುಟ್ಟದು. ಹೀಗೆ ಹದಿನೈದು ವರ್ಷ ಲಕ್ಸೆಂಬರ್ಗ್ ಸಚಿವರು ಕೈ ಎತ್ತಿದರೂ ಇಳಿಸಿದರೂ ಆಯೋಗದ ಪ್ರಸ್ತಾವಗಳ ಎಣಿಕೆಯಲ್ಲಿ ಫಲಿತಾಂಶ ಬದಲಾಗುವಂತಿರಲಿಲ್ಲ.

ಅಪ್ಪ ಒಂದು ನಿಮಿಷ ಸುಮ್ಮನಿದ್ದರು. ಸಹಕಾರ ಸಂಘದ ಆಡಳಿತ ಮಂಡಳಿಯಲ್ಲಿ ಅಂಥ ಒಬ್ಬ ನಿರ್ದೇಶಕರು ಇದ್ದರಂತೆ. ಸಭೆಗೆ ತಪ್ಪದೆ ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು, ರುಜು ಹಾಕುತ್ತಿದ್ದರು.

ಒಗಟಿನ ಎರಡನೆಯ ಭಾಗ ಇನ್ನೂ ರುಚಿಕರ. 1973ರಲ್ಲಿ ಬ್ರಿಟನ್, ಡೆನ್ಮಾರ್ಕ್, ಐರ್ಲೆಂಡ್ ಸೇರಿ ದೇಶಗಳು ಒಂಬತ್ತಾದವು. ನಾಲ್ವರು ದೊಡ್ಡವರಿಗೆ ತಲಾ ಹತ್ತು, ಬೆಲ್ಜಿಯಂ, ನೆದರ್ಲೆಂಡ್ಸ್‌ಗೆ ಐದು, ಡೆನ್ಮಾರ್ಕ್, ಐರ್ಲೆಂಡ್‌ಗೆ ಮೂರು, ಲಕ್ಸೆಂಬರ್ಗ್‌ಗೆ ಎರಡು. ಒಟ್ಟು 58, ಗೆಲುವಿಗೆ 41. ಲಕ್ಸೆಂಬರ್ಗ್‌ನ ಪಾಲು ಹದಿನೇಳರಲ್ಲಿ ಒಂದರಿಂದ ಐವತ್ತೆಂಟರಲ್ಲಿ ಎರಡಕ್ಕೆ ಇಳಿಯಿತು, ಅಂದರೆ ಬಹುತೇಕ ಅರ್ಧವಾಯಿತು. ಶಕ್ತಿ ಮಾತ್ರ ಸೊನ್ನೆಯಿಂದ ಮೇಲೆದ್ದಿತು. ನಾಲ್ವರು ದೊಡ್ಡವರು ಒಂದಾದರೂ ನಲವತ್ತೇ. ಒಂದು ಮತ ಕಡಿಮೆ. ಆ ಹೊಸ್ತಿಲನ್ನು ಲಕ್ಸೆಂಬರ್ಗ್ ದಾಟಿಸಬಲ್ಲದು. ಮತದ ಪಾಲು ಬೇರೆ, ಮತದ ಶಕ್ತಿ ಬೇರೆ. ಶಕ್ತಿಯೆಂದರೆ, ನೀನು ಮನಸ್ಸು ಬದಲಿಸಿದರೆ ಫಲಿತಾಂಶವೂ ಬದಲಾಗುವ ಸಂದರ್ಭಗಳು ಎಷ್ಟಿವೆ ಎಂಬುದು. ಅದನ್ನು ನಿರ್ಧರಿಸುವುದು ನಿನ್ನ ಕಾಳುಗಳಷ್ಟೇ ಅಲ್ಲ, ಉಳಿದವರ ಕಾಳುಗಳು ಮತ್ತು ಹೊಸ್ತಿಲಿನ ಎತ್ತರ.

ಈ ಸತ್ಯ ರಾಜಕಾರಣಿಗಳಿಗೆ ತಿಳಿಯದ್ದೇನಲ್ಲ. 2007ರಲ್ಲಿ ಪೋಲೆಂಡ್ ಇದಕ್ಕಾಗಿ ಜಗಳಕ್ಕೇ ನಿಂತಿತು. ಅದಕ್ಕೂ ಮೊದಲಿನ ನೀಸ್ ಒಪ್ಪಂದದಲ್ಲಿ ಎಂಟು ಕೋಟಿಯ ಜರ್ಮನಿಗೆ 29 ಮತವಾದರೆ ನಾಲ್ಕು ಕೋಟಿಗಿಂತ ಕಡಿಮೆಯಿದ್ದ ಪೋಲೆಂಡಿಗೆ 27 ಮತ ದಕ್ಕಿತ್ತು. ಇನ್ನು ಮುಂದೆ ಜನಸಂಖ್ಯೆಯನ್ನೇ ಎಣಿಸೋಣ ಎಂದಾಗ ವಾರ್ಸಾ ಸಿಡಿಯಿತು. ಜನಸಂಖ್ಯೆಯ ಬದಲು ಅದರ ವರ್ಗಮೂಲವನ್ನು ತೂಕವಾಗಿ ಇಡಿ ಎಂಬುದು ಪೋಲೆಂಡಿನ ಬೇಡಿಕೆ. ವರ್ಗಮೂಲದಲ್ಲಿ ಜರ್ಮನಿ ಒಂಬತ್ತಾದರೆ ಪೋಲೆಂಡ್ ಆರು. ಕೇಳಲು ತಮಾಷೆಯೆನಿಸಿದರೂ ಇದರ ಹಿಂದೆ ಗಂಭೀರ ಗಣಿತವಿತ್ತು. ದೊಡ್ಡ ದೇಶದೊಳಗೆ ಒಬ್ಬ ಮತದಾರನಿಂದಲೇ ಫಲಿತಾಂಶ ತಿರುಗುವ ಸಂಭವ ಜನಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಆದ್ದರಿಂದ ದೇಶದ ತೂಕ ವರ್ಗಮೂಲದಂತೆ ಏರಿದರೆ ಎಲ್ಲ ದೇಶಗಳ ಮತದಾರರೂ ಸಮನಾಗುತ್ತಾರೆ ಎಂದು ಲಯನೆಲ್ ಪೆನ್ರೋಸ್ 1946ರಲ್ಲಿಯೇ ತೋರಿಸಿದ್ದರು. ಇವರು ನೊಬೆಲ್ ಪುರಸ್ಕೃತ ರೋಜರ್ ಪೆನ್ರೋಸ್ ಅವರ ತಂದೆ. ಆದರೆ ಪೋಲೆಂಡಿನ ಪ್ರಧಾನಿ ಯಾರೋಸ್ವಾಫ್ ಕಚಿನ್‌ಸ್ಕಿ, ಮಹಾಯುದ್ಧ ನಡೆಯದಿದ್ದರೆ ತಮ್ಮ ಜನಸಂಖ್ಯೆ 6.6 ಕೋಟಿ ಇರುತ್ತಿತ್ತು ಎಂಬ ವಾದವನ್ನೂ ಹೂಡಿದಾಗ ಗಣಿತ ಹಿಂದೆ ಸರಿದು ಗಾಯ ಮುಂದೆ ಬಂತು. ವರ್ಗಮೂಲ ಸೋತಿತು, ಹೊಸ ಪದ್ಧತಿ ಮಾತ್ರ 2014ರವರೆಗೆ ಮುಂದೆ ಹೋಯಿತು.

ಈಗ ನಡೆಯುತ್ತಿರುವುದು ಆ ಹೊಸ ಪದ್ಧತಿ. ಪ್ರಸ್ತಾವ ಗೆಲ್ಲಲು ಶೇ 55ರಷ್ಟು ದೇಶಗಳು, ಅಂದರೆ ಇಪ್ಪತ್ತೇಳರಲ್ಲಿ ಹದಿನೈದು, ಒಪ್ಪಬೇಕು. ಒಪ್ಪಿದವರಲ್ಲಿ ಒಕ್ಕೂಟದ ಶೇ 65ರಷ್ಟು ಜನರಿರಬೇಕು. ಅಪ್ಪನ ಎರಡು ಗೂಟಗಳೂ ಇಲ್ಲಿ ಒಟ್ಟಿಗೆ ನಿಂತಿವೆ: ಮೊದಲನೆಯದು ಸಹಕಾರ ಸಂಘದ ನಿಯಮ, ಎರಡನೆಯದು ಕಂಪನಿಯದು. ಜರ್ಮನಿ, ಫ್ರಾನ್ಸ್, ಇಟಲಿ ಮೂವರಲ್ಲೇ ಶೇ 35ಕ್ಕಿಂತ ಹೆಚ್ಚು ಜನರಿರುವುದರಿಂದ ಈ ಮೂವರು ಏನನ್ನಾದರೂ ತಡೆಯಬಹುದಲ್ಲವೆ? ಇಲ್ಲ. ತಡೆಯಲು ಕನಿಷ್ಠ ನಾಲ್ಕು ದೇಶಗಳು ಬೇಕೆಂದು ಇನ್ನೊಂದು ಬೀಗ ಹಾಕಿದ್ದಾರೆ. ತಟಸ್ಥನಾಗಿ ಉಳಿದವನ ಎಣಿಕೆಯೂ ‘ಬೇಡ’ ಎಂದವನಂತೆಯೇ.

ಈ ಬೀಗದ ಸದ್ದು ನನಗೆ ಕೇಳಿಸಿದ್ದು 2023ರ ಮಾರ್ಚ್‌ನಲ್ಲಿ, ನನ್ನ ಕಚೇರಿಯಲ್ಲಿ. ನಾನು ಎಂಜಿನ್ನಿಗೆ ಇಂಧನ ಚಿಮ್ಮಿಸುವ ಭಾಗಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಬೆಂಗಳೂರಿನಲ್ಲಿಯೂ ಅದನ್ನೇ ಮಾಡುತ್ತಿದ್ದೆ. ಆ ಅನುಭವದ ಬಲದಿಂದಲೇ 2013ರಲ್ಲಿ ಇಲ್ಲಿಗೆ ಬಂದದ್ದು. 2035ರಿಂದ ಹೊಗೆಯುಗುಳುವ ಹೊಸ ಕಾರುಗಳ ಮಾರಾಟ ನಿಲ್ಲಿಸುವ ಕಾಯ್ದೆಗೆ ಫೆಬ್ರುವರಿಯಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತ್ತು. ಪರಿಷತ್ತಿನ ಕೊನೆಯ ಮತದಾನ ಬರೀ ಶಿಷ್ಟಾಚಾರವೆಂದು ಎಲ್ಲರೂ ಭಾವಿಸಿದ್ದರು. ಕ್ಯಾಂಟೀನಿನ ಮೇಜಿನಲ್ಲಿ ನಾವು ನಮ್ಮ ವಿಭಾಗಕ್ಕೆ ಇನ್ನೆಷ್ಟು ವರ್ಷ ಆಯುಷ್ಯವೆಂದು ಎಣಿಸುತ್ತಿದ್ದೆವು. ಮನೆಯ ಸಾಲದ ಕಂತು ಅದಕ್ಕಿಂತ ಉದ್ದವಾಗಿತ್ತು.

ಆಗ ಜರ್ಮನಿ ತಕರಾರು ಎತ್ತಿತು. ತಕರಾರು ಎತ್ತಿದ್ದು ಇಡೀ ಸರ್ಕಾರವೂ ಅಲ್ಲ. ಮೂರು ಪಕ್ಷಗಳ ಮೈತ್ರಿಯಲ್ಲಿ ಶೇ 11ರ ಆಸುಪಾಸು ಮತ ಪಡೆದಿದ್ದ ಎಫ್‌ಡಿಪಿ ಎಂಬ ಸಣ್ಣ ಪಕ್ಷ, ಕೃತಕ ಇಂಧನದಿಂದ ಓಡುವ ಎಂಜಿನ್ನುಗಳಿಗೆ ಅವಕಾಶ ಉಳಿಯಬೇಕೆಂದು ಪಟ್ಟು ಹಿಡಿಯಿತು. ದೇಶದ ಮತವನ್ನು ಪರಿಷತ್ತಿನಲ್ಲಿ ಒಡೆಯುವಂತಿಲ್ಲ. ಮನೆಯೊಳಗೆ ಒಮ್ಮತವಿಲ್ಲದಿದ್ದರೆ ಜರ್ಮನಿ ತಟಸ್ಥ, ತಟಸ್ಥವೆಂದರೆ ‘ಬೇಡ’. ಇಟಲಿ, ಪೋಲೆಂಡ್, ಬಲ್ಗೇರಿಯಾ ಮೊದಲೇ ಒಲ್ಲೆನೆನ್ನುತ್ತಿದ್ದವು. ಈ ಮೂರರ ಜನಸಂಖ್ಯೆ ಶೇ 25ನ್ನೂ ಮುಟ್ಟದು. ಜರ್ಮನಿಯ ಶೇ 18ಕ್ಕೂ ಮಿಕ್ಕಿದ ತೂಕ ಸೇರಿದೊಡನೆ ದೇಶಗಳು ನಾಲ್ಕಾದವು, ಜನಸಂಖ್ಯೆ ಶೇ 40 ದಾಟಿತು, ಬೀಗ ಬಿತ್ತು. ನಿಗದಿಯಾಗಿದ್ದ ಮತದಾನ ಮುಂದಕ್ಕೆ ಹೋಯಿತು. ಕೃತಕ ಇಂಧನದ ಬಗ್ಗೆ ಆಯೋಗ ಭರವಸೆ ಕೊಟ್ಟ ಮೇಲೆ ಜರ್ಮನಿ ಒಪ್ಪಿತು. ಮಾರ್ಚ್ 28ರಂದು ಕಾಯ್ದೆ ಅಂಗೀಕಾರವಾಯಿತು. ಅಂದು ಪೋಲೆಂಡ್ ವಿರುದ್ಧ ಮತ ಹಾಕಿತು. ಇಟಲಿ, ಬಲ್ಗೇರಿಯಾ, ರೊಮೇನಿಯಾ ತಟಸ್ಥ. ನಾಲ್ಕು ದೇಶಗಳೇನೋ ಇದ್ದವು, ಆದರೆ ಜರ್ಮನಿಯಿಲ್ಲದೆ ತೂಕ ಶೇ 35ಕ್ಕೆ ಏರಲಿಲ್ಲ.

ಸಣ್ಣ ಪಕ್ಷವೊಂದು ದೊಡ್ಡ ದೇಶದ ಕೈ ಹಿಡಿದು ಇಪ್ಪತ್ತೇಳು ದೇಶಗಳನ್ನು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ಉದ್ಯೋಗಕ್ಕೆ ಅದರಿಂದ ಒಳ್ಳೆಯದೇ ಆಗಬಹುದಿತ್ತು. ಆದರೂ ನನಗೆ ಅದು ಸರಿಯೆನಿಸಲಿಲ್ಲ. ವರ್ಷಗಟ್ಟಲೆ ಚರ್ಚಿಸಿ, ಒಪ್ಪಿ, ಹಸ್ತಾಕ್ಷರದ ಗಳಿಗೆಯಲ್ಲಿ ಎದ್ದು ನಿಲ್ಲುವುದು ಮದುವೆಯ ಮಂಟಪದಲ್ಲಿ ವರದಕ್ಷಿಣೆ ಕೇಳಿದಂತೆ ಕಂಡಿತು. ಇದನ್ನು ಕ್ಯಾಂಟೀನಿನಲ್ಲಿ ಹೇಳಿ ಸಹೋದ್ಯೋಗಿಗಳ ಮುನಿಸು ಕಟ್ಟಿಕೊಂಡದ್ದೂ ಉಂಟು.

ಬಹುಮತದ ಬೀಗವೇ ಹೀಗಾದರೆ ಸರ್ವಾನುಮತ ಬೇಕಾದ ಕಡೆ ಪ್ರತಿಯೊಬ್ಬನ ಕೈಯಲ್ಲೂ ಒಂದೊಂದು ಬೀಗ. ತೆರಿಗೆ, ವಿದೇಶಾಂಗ ನೀತಿ, ಹೊಸ ಸದಸ್ಯರ ಸೇರ್ಪಡೆ, ಷೆಂಗೆನ್ ವಲಯದ ವಿಸ್ತರಣೆ ಇವೆಲ್ಲ ಆ ಪಟ್ಟಿಯಲ್ಲಿವೆ. 2022ರ ಡಿಸೆಂಬರ್‌ನಲ್ಲಿ ಕ್ರೊಯೇಷಿಯಾಕ್ಕೆ ಷೆಂಗೆನ್ ಬಾಗಿಲು ತೆರೆಯಿತು. ರೊಮೇನಿಯಾ, ಬಲ್ಗೇರಿಯಾಗಳಿಗೆ ಆಸ್ಟ್ರಿಯಾ ಅಡ್ಡ ಬಂತು. ಅವುಗಳ ಭೂಗಡಿಯ ತಪಾಸಣೆ ಕೊನೆಗೊಂಡದ್ದು 2025ರ ಜನವರಿ 1ರಂದು. 2023ರ ಡಿಸೆಂಬರ್ 14ರ ರಾತ್ರಿಯದಂತೂ ನಾಟಕವೇ ಸರಿ. ಉಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಆರಂಭಿಸಲು ಹಂಗರಿಯ ಪ್ರಧಾನಿ ಓರ್ಬಾನ್ ಒಪ್ಪುತ್ತಿರಲಿಲ್ಲ. ಜರ್ಮನಿಯ ಚಾನ್ಸಲರ್ ಶೋಲ್ಜ್ ಅವರು, ಹೊರಗೆ ಹೋಗಿ ಕಾಫಿ ಕುಡಿದು ಬರಬಾರದೇಕೆ ಎಂದು ಸೂಚಿಸಿದರೆಂದು ವರದಿಯಾಯಿತು. ಓರ್ಬಾನ್ ಎದ್ದು ಹೋದರು. ಉಳಿದ ಇಪ್ಪತ್ತಾರು ಮಂದಿ ನಿರ್ಣಯ ಮಾಡಿದರು. ಎದುರಿಗೆ ಕುಳಿತು ಬೇಡವೆಂದರೆ ವೀಟೊ, ಕೋಣೆಯಲ್ಲಿಲ್ಲದಿದ್ದರೆ ತಡೆಯಿಲ್ಲ.

ಇಲ್ಲಿಗೆ ಬರಬೇಕೆಂದಿರುವ ತರುಣರು ಇದನ್ನು ಓದುತ್ತಿದ್ದರೆ, ನಿಮ್ಮ ಕನಸಿನ ಬ್ಲೂ ಕಾರ್ಡಿನ ಮೇಲೂ ಈ ನಿಯಮಗಳ ಬೆರಳಚ್ಚಿದೆ. 2009ರ ಮೇನಲ್ಲಿ ಮೊದಲ ಬ್ಲೂ ಕಾರ್ಡ್ ನಿರ್ದೇಶನ ಬಂದಾಗ ಕಾನೂನುಬದ್ಧ ವಲಸೆಗೆ ಸರ್ವಾನುಮತ ಬೇಕಿತ್ತು. ಎಲ್ಲರನ್ನೂ ಒಪ್ಪಿಸಿ ಒಪ್ಪಿಸಿ ಅದು ತೆಳುವಾಯಿತು: ಸರಾಸರಿ ಸಂಬಳದ ಒಂದೂವರೆ ಪಟ್ಟು, ಕನಿಷ್ಠ ಒಂದು ವರ್ಷದ ಉದ್ಯೋಗ ಕರಾರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಿಸ್ಬನ್ ಒಪ್ಪಂದ ಈ ವಿಷಯವನ್ನು ಬಹುಮತಕ್ಕೆ ಒಪ್ಪಿಸಿತು. 2021ರ ಪರಿಷ್ಕೃತ ನಿರ್ದೇಶನದಲ್ಲಿ ಕರಾರು ಆರು ತಿಂಗಳಿಗೆ ಇಳಿಯಿತು, ಸಂಬಳದ ಮಿತಿ ಸಡಿಲಾಯಿತು, ಮಾಹಿತಿ ತಂತ್ರಜ್ಞಾನದವರಿಗೆ ಪದವಿಯ ಬದಲು ಮೂರು ವರ್ಷದ ತಕ್ಕ ಅನುಭವವೂ ನಡೆಯುತ್ತದೆ ಎಂದಾಯಿತು. ಹಾಗೆಂದು ಬಹುಮತ ಎಲ್ಲವನ್ನೂ ಬಿಡಿಸಲಿಲ್ಲ. ಆಯೋಗ ಅದನ್ನು ಮಂಡಿಸಿದ್ದು 2016ರಲ್ಲಿ. ಐದು ವರ್ಷ ಎಳೆದಾಡಿದರು. ಹೊರಗಿನಿಂದ ಎಷ್ಟು ಜನರನ್ನು ಉದ್ಯೋಗಕ್ಕೆ ಬಿಟ್ಟುಕೊಳ್ಳಬೇಕೆಂಬ ಸಂಖ್ಯೆ ಆಯಾ ದೇಶದ್ದೇ ಎಂದು ಒಪ್ಪಂದ ಸ್ಪಷ್ಟವಾಗಿ ಕಾಯ್ದಿರಿಸಿದೆ. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಈ ಕಾರ್ಡಿನ ವ್ಯವಸ್ಥೆಯಲ್ಲಿಯೇ ಇಲ್ಲ. ಆದ್ದರಿಂದ ‘ಯುರೋಪಿನ ವೀಸಾ’ ಎಂದು ಯಾರಾದರೂ ಏಜೆಂಟರು ಹೇಳಿದರೆ, ಯಾವ ದೇಶದ್ದು, ಯಾವ ನಿಯಮದ್ದು ಎಂದು ಕೇಳುವುದನ್ನು ಮರೆಯಬೇಡಿ.

ಅಪ್ಪ ಊರಿಗೆ ಮರಳಿದ ಮೇಲೆ ಒಂದು ಸಂಜೆ ಅವರೇ ಫೋನ್ ಮಾಡಿದರು. ಜಿಎಸ್‌ಟಿ ಮಂಡಳಿಯ ನಿಯಮವನ್ನು ಹುಡುಕಿ ಓದಿದ್ದರು. ಕೇಂದ್ರಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು, ಗೆಲುವಿಗೆ ನಾಲ್ಕನೇ ಮೂರು. ‘ಎಲ್ಲಾ ರಾಜ್ಯ ಒಂದಾದ್ರೂ ಕೇಂದ್ರ ಒಲ್ಲೆ ಅಂದ್ರ ಆಗೂದಿಲ್ಲ. ಕೇಂದ್ರ ಬೇಕಂದ್ರ ಅದಕ್ಕ ಇಪ್ಪತ್ತು ಮಂದಿ ಬೇಕು. ತಡೀಲಿಕ್ಕೆ ಹನ್ನೆರಡು’ ಎಂದರು. ವಿಧಾನಸಭೆಯುಳ್ಳ ಮೂರು ಕೇಂದ್ರಾಡಳಿತ ಪ್ರದೇಶಗಳೂ ಸೇರಿ ಮೂವತ್ತೊಂದು ಸದಸ್ಯರು ಹಾಜರಿದ್ದರೆ ಲೆಕ್ಕ ಸರಿಯೇ. ಅಲ್ಲಿ ಕರ್ನಾಟಕಕ್ಕೂ ಸಿಕ್ಕಿಮಿಗೂ ಒಂದೇ ತೂಕ. ಆ ಮಂಡಳಿಯಲ್ಲಿ ಮೊದಲ ಬಾರಿ ಕೈಯೆಣಿಕೆ ನಡೆದದ್ದು 2019ರ ಡಿಸೆಂಬರ್‌ನಲ್ಲಿ, ಲಾಟರಿ ತೆರಿಗೆಗಾಗಿ. ಅಲ್ಲಿಯವರೆಗೆ ಎಲ್ಲವೂ ಸಹಮತದಿಂದಲೇ. ಬ್ರಸೆಲ್ಸ್‌ನಲ್ಲಿಯೂ ಬಹುಪಾಲು ಹಾಗೆಯೇ. ಯಾರ ಬಳಿ ಎಷ್ಟು ಕಾಳಿದೆಯೆಂದು ಎಲ್ಲರಿಗೂ ಗೊತ್ತಿರುವುದರಿಂದ ಎಣಿಸುವ ಪ್ರಮೇಯ ಬರುವುದು ಕಡಿಮೆ.

2025ರ ಫೆಬ್ರುವರಿ 23ರಂದು ಜರ್ಮನ್ ಸಂಸತ್ತಿನ ಚುನಾವಣೆ ನಡೆಯಿತು. ಯುರೋಪನ್ನು ಎರಡು ವರ್ಷ ಹಿಂದೆ ತಡೆದು ನಿಲ್ಲಿಸಿದ್ದ ಆ ಸಣ್ಣ ಪಕ್ಷ ಶೇ 5ರ ಮಿತಿ ಮುಟ್ಟದೆ ಶೇ 4.3ಕ್ಕೆ ನಿಂತು ಸಂಸತ್ತಿನಿಂದಲೇ ಹೊರಬಿತ್ತು. ನನ್ನ ಮತ ಅಂದು ಎಲ್ಲಿಗೆ ಹೋಯಿತೆಂದು ಮನೆಯವರಿಗೂ ಹೇಳಿಲ್ಲ. ಆದರೆ ಜೂನ್‌ನಲ್ಲಿ ಹಾಕಿದ ಮತಕ್ಕಿಂತ ಇದು ಬ್ರಸೆಲ್ಸ್‌ನಲ್ಲಿ ಹೆಚ್ಚು ಸದ್ದು ಮಾಡಬಲ್ಲದೆಂದು ಗೊತ್ತಿದ್ದೇ ಪೆಟ್ಟಿಗೆಗೆ ಹಾಕಿದೆ. ಮರುದಿನ ಕಚೇರಿಯಲ್ಲಿ ನಮ್ಮ ವಿಭಾಗದ ಮುಂದಿನ ಯೋಜನೆಯ ಸಭೆಯಿತ್ತು. ಅದರ ತೀರ್ಮಾನ ಇನ್ನೂ ಬಂದಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದರೆ ಅವರು ಅವಸರದಲ್ಲಿದ್ದರು. ಮರುದಿನ ಸಹಕಾರ ಸಂಘದ ಸರ್ವಸದಸ್ಯರ ಸಭೆಯಂತೆ. ‘ಬೆಳಿಗ್ಗಿ ಎಂಟರ ಬಸ್ ಹಿಡೀಬೇಕು ತಂಗಿ, ಮಲಗ್ತೀನಿ’ ಎಂದು ಫೋನ್ ಇಟ್ಟರು.